ಸಮ್ ಬರುವವರೆಗೆ

ಬೆಳಿಗ್ಗೆ ಐದೂವರೆಗೆ ನನಗೆ ಎಚ್ಚರವಾಗುತ್ತದೆ, ಬೆರಳುಗಳಿಗೆ ಆಗುವುದಿಲ್ಲ. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಲ್ಲುತ್ತವೆ. ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಒಳಗೆ ಏನೋ ಹೆಪ್ಪುಗಟ್ಟಿರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲದವರಿಗಾಗಿ ಎರಡು ಮಾತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯನ್ನು ಪರಕೀಯವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ, ಬಿಸಿಯಾಗುತ್ತದೆ, ಹಾಗೇ ಬಿಟ್ಟರೆ ವರ್ಷಗಳಲ್ಲಿ ಮೂಳೆಯನ್ನೂ ತಿನ್ನುತ್ತದೆ. ಉರಿಯೂತ ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಬೆಳಗಿನ ಜಾವಕ್ಕೆ ಏರುವುದರಿಂದ ಆ ಹೊತ್ತಿಗೇ ಬಿಗಿತ ಹೆಚ್ಚು. ವಯಸ್ಸಾದವರ ಸವೆದ ಮಂಡಿಯ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ನಮ್ಮದು ಹಲವು ಸಲ ಗಂಟೆ ದಾಟುತ್ತದೆ. ಹಾಗಾಗಿ ಡಾಕ್ಟರು ಪ್ರತಿ ಸಲವೂ ಮೊದಲು ಕೇಳುವುದು ಇದನ್ನೇ: "ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು?"

ಮೊದಮೊದಲು ಗಡಿಯಾರ ನೋಡಿ ಉತ್ತರ ಹೇಳುತ್ತಿದ್ದೆ. ಈಗ ರಾಗಗಳಲ್ಲಿ ಎಣಿಸುತ್ತೇನೆ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತು ಮಾಡಿದ್ದಾರಲ್ಲ, ಅದು ನನ್ನ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ. ಕತ್ತಲು ಕರಗುವಾಗ ಲಲತ್, ಬೆಳಕು ಹರಿಯುವಾಗ ಭೈರವ್, ಹೊತ್ತೇರಿದ ಮೇಲೆ ತೋಡಿ. ಲಲತ್ ಮುಗಿಯುವುದರೊಳಗೆ ಚಹಾದ ಕಪ್ಪು ಹಿಡಿಯಲು ಬಂದರೆ ಅದು ಒಳ್ಳೆಯ ದಿನ. ಭೈರವ್‌ನಲ್ಲಿ ಬಿಟ್ಟರೆ ಸಾಧಾರಣ ದಿನ. ತೋಡಿಯವರೆಗೂ ಹೋದರೆ ಅವತ್ತು ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುವ ಹಾಗಿಲ್ಲ, ಬಾಯಿಮಾತಿನಲ್ಲೇ ಪಾಠ. ಒಮ್ಮೆ ಡಾಕ್ಟರು ಕೇಳಿದಾಗ ಬಾಯಿತಪ್ಪಿ "ಈ ವಾರ ಬರೀ ತೋಡಿ" ಎಂದುಬಿಟ್ಟೆ. ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು.

ಪಕ್ಕದ ಮನೆಯವರಿಗೆ ನನ್ನ ಮೇಲೆ ಬಹಳ ಗೌರವ. ಬೆಳಗಾಗುವ ಮೊದಲೇ ಎದ್ದು ಶಾಸ್ತ್ರೀಯ ಸಂಗೀತ ಕೇಳುವ ಸಂಸ್ಕಾರವಂತೆ ಎಂದುಕೊಂಡಿದ್ದಾರೆ. ಧಾರವಾಡದ ಗಾಳಿಯೇ ಹಾಗೆ, ಯಾರ ಮನೆಯಿಂದ ತಂಬೂರಿ ಕೇಳಿದರೂ ಜನ ತಲೆದೂಗುತ್ತಾರೆ. ನಾನೇನೂ ತಿದ್ದಲು ಹೋಗಿಲ್ಲ.

ಇದನ್ನು ಚಿಕಿತ್ಸೆ ಎಂದುಕೊಂಡು ಶುರು ಮಾಡಿದ್ದಲ್ಲ. ಕಾಯಿಲೆಗೆ ಹೆಸರು ಸಿಕ್ಕ ಮೇಲೆ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಬರೆದುಕೊಟ್ಟರು. ದಿನಕ್ಕೊಮ್ಮೆಯಲ್ಲ, ವಾರಕ್ಕೊಮ್ಮೆ ಎಂದು ಚೀಟಿಯಲ್ಲಿ ಎರಡು ಗೆರೆ ಎಳೆದು ತೋರಿಸಿದರು. ಅದು ಕೆಲಸ ಶುರು ಮಾಡುವುದಕ್ಕೆ ಹಲವು ವಾರಗಳು ಬೇಕು. ಆ ವಾರಗಳನ್ನು ಕಳೆಯಬೇಕಿತ್ತಲ್ಲ. ಪುಸ್ತಕ ಹಿಡಿಯಲು ಬರುತ್ತಿರಲಿಲ್ಲ, ಪುಟ ತಿರುಗಿಸುವುದಂತೂ ದೂರದ ಮಾತು. ಮಾತಾಡಿಸಲು ಹೋದರೆ ಮನೆಯವರ ನಿದ್ದೆ ಕೆಡುತ್ತದೆ. ಹಾಸಿಗೆಯ ಪಕ್ಕದ ಫೋನನ್ನು ಬೆರಳ ಗೆಣ್ಣಿನಿಂದ ಒತ್ತಿದರೆ ಹಾಡು ಬರುತ್ತಿತ್ತು, ಅಷ್ಟೇ.

ಕೆಲವು ದಿನಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನಾನು ಹುಟ್ಟಿನಿಂದ ಕಿರಾಣಾ ಘರಾಣೆಯವಳು, ಅಂದರೆ ಕೇಳುವುದರಲ್ಲಿ. ಗಂಗೂಬಾಯಿ ಹಾನಗಲ್ಲರ ದನಿ, ಭೀಮಸೇನ ಜೋಶಿಯವರ ದನಿ ನಮ್ಮ ಮನೆಯ ಗೋಡೆಗಳಿಗೂ ಗೊತ್ತು. ಆದರೆ ನೋವಿನ ಹೊತ್ತಿನಲ್ಲಿ ಕಿರಾಣಾದ ಆ ಅತಿವಿಲಂಬಿತ ನನ್ನ ಕೈಬಿಟ್ಟಿತು. ಅಲ್ಲಿ ಏಕತಾಲದ 12 ಮಾತ್ರೆಗಳ ಒಂದು ಆವರ್ತನವೇ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯಬಹುದು. ಒಂದೊಂದು ಸ್ವರವೂ ಕೆರೆಯ ಹಾಗೆ ಹರಡಿಕೊಳ್ಳುತ್ತದೆ. ಆರೋಗ್ಯವಾಗಿದ್ದಾಗ ಅದು ಸುಖ. ನೋವಿದ್ದಾಗ ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿನ ನಡುವಿನ ಅಷ್ಟಗಲದ ಜಾಗಕ್ಕೆ ನೋವು ಬಂದು ಕಾಲು ಚಾಚಿ ಕೂರುತ್ತದೆ. ಮಲ್ಲಿಕಾರ್ಜುನ ಮನಸೂರರನ್ನು ಹಾಕಿದಾಗ ಹಾಗಾಗಲಿಲ್ಲ. ಜೈಪುರ ಅತ್ರೌಲಿಯವರು ತಾಳವನ್ನು ಒಂದು ಕ್ಷಣವೂ ಬಿಡುವುದಿಲ್ಲ. ಸ್ವರ ಲಯಕ್ಕೆ ಹೆಣೆದುಕೊಂಡೇ ಮುಂದೆ ಸಾಗುತ್ತದೆ. ಹಿಡಿಯಲು ಹೆಜ್ಜೆಗೊಂದು ಮೊಳೆ ಇರುವ ಗೋಡೆಯಂತೆ ಅದು. ಕಿರಾಣಾ ಕಡಿಮೆ, ಜೈಪುರ ಹೆಚ್ಚು ಎಂದು ಇದರ ಅರ್ಥವಲ್ಲ. ಈಜುಗೊತ್ತಿದ್ದವರಿಗೆ ಕೆರೆ ಬೇಕು, ಮುಳುಗುತ್ತಿದ್ದವರಿಗೆ ಹಗ್ಗ ಬೇಕು.

ನೋವಿಗೆ ಕಾಲವಿಲ್ಲ ಎಂಬುದು ಆಗ ತಿಳಿಯಿತು. ಅದಕ್ಕೆ ಆದಿ ನೆನಪಿರುವುದಿಲ್ಲ, ಕೊನೆ ಕಾಣುವುದಿಲ್ಲ, ಒಂದೇ ಕ್ಷಣವನ್ನು ಎಳೆದೆಳೆದು ದಿನ ಮಾಡುತ್ತದೆ. ತಾಳ ಅದನ್ನು ಕತ್ತರಿಸುತ್ತದೆ. ಎಲ್ಲಿಗೆ ಹೋದರೂ ಗಾಯಕ ಸಮ್‌ಗೆ ಬರಲೇಬೇಕು. ಬರುತ್ತಾನೆ ಎಂಬ ಭರವಸೆಯಲ್ಲಿ ನಾವು ಕಾಯುತ್ತೇವೆ, ಬಂದಾಗ ನಮಗೇ ತಿಳಿಯದೆ ತಲೆಯಾಡಿಸುತ್ತೇವೆ. ನೋವು ಹೋಗಿರುವುದಿಲ್ಲ. ಆದರೆ ನೋವಿನಲ್ಲಿ ಕಾಯುವುದಕ್ಕೆ ಏನೋ ಒಂದು ಸಿಕ್ಕಿರುತ್ತದೆ, ಮತ್ತು ಅದು ನಿಶ್ಚಿತವಾಗಿ ಬರುತ್ತದೆ. ಒಂದು ಕೈಯ ನಾಲ್ಕು ಬೆರಳುಗಳಲ್ಲಿ ಗೆಣ್ಣುಗೆರೆ ಮೂರು ಮೂರರಂತೆ 12, ಅದು ಏಕತಾಲ. ತುದಿಗಳನ್ನೂ ಸೇರಿಸಿಕೊಂಡರೆ 16, ಅದು ತೀನ್‌ತಾಲ. ಹೆಬ್ಬೆರಳನ್ನು ಒಂದೊಂದು ಗೆಣ್ಣಿಗೆ ತಾಗಿಸುತ್ತ ತಾಳ ಎಣಿಸುವುದು ಹಳೆಯ ರೂಢಿ. ನೋಯುತ್ತಿದ್ದ ಕೀಲುಗಳೇ ನನ್ನ ಮಾತ್ರೆಗಳಾದವು. ಮೊದಲ ಹತ್ತು ನಿಮಿಷ ಹೆಬ್ಬೆರಳು ಕಿರುಬೆರಳ ಬುಡ ಮುಟ್ಟುತ್ತಿರಲಿಲ್ಲ. ದ್ರುತ್ ಬರುವ ಹೊತ್ತಿಗೆ ಮುಟ್ಟುತ್ತಿತ್ತು. ಇದರಲ್ಲಿ ರಾಗದ ಪಾಲೆಷ್ಟು, ಬರೀ ಅಲ್ಲಾಡಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾನು ಹೋಗಿಲ್ಲ.

ಸಂಗೀತ ಕೇಳುತ್ತೇನೆಂದು ಗೊತ್ತಾದ ಮೇಲೆ ವಾಟ್ಸ್ಆ್ಯಪ್ಪಿನಲ್ಲಿ ಪಟ್ಟಿಗಳು ಬರತೊಡಗಿದವು. ಈ ರಾಗ ರಕ್ತದೊತ್ತಡಕ್ಕೆ, ಆ ರಾಗ ಸಕ್ಕರೆ ಕಾಯಿಲೆಗೆ, ಇನ್ನೊಂದು ಮೂಲವ್ಯಾಧಿಗೆ. ದಿನಸಿ ಅಂಗಡಿಯ ಚೀಟಿಯಂಥ ಈ ಪಟ್ಟಿಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ನಮ್ಮ ಹಳೆಯ ಐತಿಹ್ಯಗಳನ್ನು ಅವುಗಳ ಜೊತೆಗೆ ಎಸೆಯಲು ಮನಸ್ಸಾಗುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ಶಿಷ್ಯ ತಂಬಿಯಪ್ಪನಿಗೆ ತಾಳಲಾರದ ಹೊಟ್ಟೆನೋವಿತ್ತಂತೆ. ಜಾತಕದಲ್ಲಿ ಗುರುಗ್ರಹದ ದೋಷವೆಂದು ಕಂಡು ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ಕಟ್ಟಿಕೊಟ್ಟರಂತೆ, ನವಗ್ರಹ ಕೃತಿಗಳು ಹಾಗೆ ಹುಟ್ಟಿದವಂತೆ. ನಮ್ಮ ಮಾನ್ವಿಯ ಜಗನ್ನಾಥದಾಸರದು ಇನ್ನೂ ಹತ್ತಿರದ ಕಥೆ. ಸಂಸ್ಕೃತ ಪಂಡಿತರಾಗಿದ್ದ ಅವರು ಕನ್ನಡದಲ್ಲಿ ಹಾಡುವ ದಾಸರೆಂದರೆ ಹಗುರ ಮಾಡುತ್ತಿದ್ದರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರು. ನೆಪ ನಿಜವಾಯಿತು. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟು ಅವರನ್ನು ಉಳಿಸಿದರು, ಆಮೇಲೆ ಅದೇ ಪಂಡಿತರು ಕನ್ನಡದಲ್ಲಿ ಹಾಡತೊಡಗಿದರು, 'ಹರಿಕಥಾಮೃತಸಾರ' ಬರೆದರು.

ಈ ಕಥೆಗಳು ನಡೆದವೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ. ಎರಡರಲ್ಲೂ ರೋಗಿ ಸುಮ್ಮನೆ ಮಲಗಿ ಕೇಳುವವನಲ್ಲ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ತಂಬಿಯಪ್ಪ ಕೃತಿಯನ್ನು ಕಲಿತು ತಾನೇ ಹಾಡಿಕೊಳ್ಳಬೇಕಾಯಿತು. ಜಗನ್ನಾಥದಾಸರ ಬದುಕೇ ಹಾಡಾಯಿತು. ಪಟ್ಟಿ ಮಾಡುವವರು ರಾಗವನ್ನು ಗುಳಿಗೆ ಎಂದುಕೊಂಡಿದ್ದಾರೆ. ಕಥೆ ಕಟ್ಟಿದವರಿಗೆ ಅದು ಕೆಲಸವೆಂದು ಗೊತ್ತಿತ್ತು.

ವೈದ್ಯರೂ ಈ ದಾರಿಯಲ್ಲಿ ನಡೆದು ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇವಾನ್ ಓನೀಲ್ ಕೇನ್ ಎಂಬ ಶಸ್ತ್ರವೈದ್ಯನಿದ್ದ. ಆಪರೇಷನ್ ಕೋಣೆಯಲ್ಲಿ ಫೋನೋಗ್ರಾಫ್ ಇಡುವುದರ ಬಗ್ಗೆ ಆತ 1914ರಲ್ಲೇ ಅಲ್ಲಿನ ವೈದ್ಯಕೀಯ ಪತ್ರಿಕೆಗೆ ಬರೆದ. ಮುಂದೆ 1921ರಲ್ಲಿ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದುಕೊಂಡು ಹೆಸರಾದವನೂ ಆತನೇ. 1960ರಲ್ಲಿ ಗಾರ್ಡ್‌ನರ್ ಎಂಬ ದಂತವೈದ್ಯ ಮತ್ತು ಲಿಕ್‌ಲೈಡರ್ ಎಂಬ ವಿಜ್ಞಾನಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಬೆರಗಿನ ವರದಿ ಕೊಟ್ಟರು. ಹಲ್ಲು ಕೊರೆಸಿಕೊಳ್ಳುವವರ ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಂಗೀತ ಮತ್ತು ಜಲಪಾತದಂಥ ಭೋರ್ಗರೆತ, ಸದ್ದು ಏರಿಸುವ ಗುಂಡಿ ರೋಗಿಯ ಕೈಯಲ್ಲೇ. ಬಹಳಷ್ಟು ಜನರಿಗೆ ಅರಿವಳಿಕೆಯೇ ಬೇಕಾಗಲಿಲ್ಲ ಎಂದರು. ಈ ಲಿಕ್‌ಲೈಡರ್ ಮುಂದೆ ಇಂಟರ್ನೆಟ್ಟಿನ ಮೂಲಪುರುಷರಲ್ಲಿ ಒಬ್ಬನಾದ. ಆಮೇಲೆ 1963ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಒಡ್ಡಿದರು. ಕೊರೆಯುವ ನೀರಿನಲ್ಲಿ ಕೈ ಇಟ್ಟವರಿಗೆ ಸದ್ದು ಒಂದನ್ನೇ ಕೊಟ್ಟರೆ ಹೆಚ್ಚು ಹೊತ್ತು ತಡೆಯಲಾಗಲಿಲ್ಲ. ಇದು ನೋವು ತಗ್ಗಿಸುತ್ತದೆ ಎಂಬ ಮಾತು ಒಂದನ್ನೇ ಕೊಟ್ಟರೂ ಆಗಲಿಲ್ಲ. ಎರಡೂ ಸೇರಿದಾಗ ತಡೆದರು. ಇನ್ನೆರಡು ವರ್ಷಕ್ಕೆ, 1965ರಲ್ಲಿ, ಅದೇ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ತಮ್ಮ ಪ್ರಸಿದ್ಧ 'ದ್ವಾರ' ಸಿದ್ಧಾಂತ ಮಂಡಿಸಿದರು. ನೋವಿನ ಸುದ್ದಿ ನೇರ ತಂತಿಯಲ್ಲಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಕದವಿದೆ. ಪೆಟ್ಟಾದ ಜಾಗವನ್ನು ನಾವು ಉಜ್ಜಿಕೊಂಡಾಗ ಆ ಕದ ಒಂದಿಷ್ಟು ಮುಚ್ಚುತ್ತದೆ. ಮಿದುಳಿನಿಂದ ಕೆಳಗಿಳಿಯುವ ಸಂದೇಶಗಳೂ ಅದನ್ನು ಮುಚ್ಚಬಲ್ಲವು, ತೆರೆಯಬಲ್ಲವು. ಗಮನ, ಭಯ, ಭರವಸೆ ಎಲ್ಲಕ್ಕೂ ಆ ಕದದ ಚಿಲಕ ಗೊತ್ತು. ಸಿದ್ಧಾಂತದ ವಿವರಗಳು ಮುಂದೆ ಬದಲಾದವು, ಮೂಲದ ಯೋಚನೆ ಉಳಿಯಿತು.

2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ಬಂತು. ಶಸ್ತ್ರಕ್ರಿಯೆಯ ಸಮಯದಲ್ಲಿ ಸಂಗೀತ ಕೇಳಿದವರಿಗೆ ನೋವು, ಕಳವಳ, ನೋವಿನ ಔಷಧದ ಬಳಕೆ ಮೂರೂ ಕಡಿಮೆಯಿದ್ದವು. ಯಾವ ಸಂಗೀತ ಎನ್ನುವುದರಿಂದ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಘರಾಣೆಗಳ ಬಗ್ಗೆ ನಾನು ಮೇಲೆ ಹೇಳಿದ್ದಕ್ಕೆ ಇದು ಎದುರುಸಾಕ್ಷಿ, ಮರೆಮಾಚುವುದು ಸರಿಯಲ್ಲ. ಆದರೆ 2006ರಲ್ಲಿ ಗ್ಲಾಸ್ಗೋದ ಇಬ್ಬರು ಸಂಶೋಧಕರು ಅದೇ ತಣ್ಣೀರಿನ ಪ್ರಯೋಗ ಮಾಡಿದಾಗ ಬೇರೆಯವರು ಆರಿಸಿಕೊಟ್ಟ 'ಹಿತವಾದ' ಸಂಗೀತಕ್ಕಿಂತ ತಮ್ಮ ಮೆಚ್ಚಿನದನ್ನು ಕೇಳಿದವರು ಹೆಚ್ಚು ಹೊತ್ತು ತಡೆದುಕೊಂಡರು, ನೋವು ತಮ್ಮ ಹತೋಟಿಯಲ್ಲಿದೆ ಎಂದೂ ಅವರಿಗೆ ಅನ್ನಿಸಿತು. ದಂತವೈದ್ಯನ ರೋಗಿಯ ಕೈಯಲ್ಲಿದ್ದ ಗುಂಡಿಯನ್ನು ನೆನೆಸಿಕೊಳ್ಳಿ. ನೋವು ಮೊದಲು ಕಿತ್ತುಕೊಳ್ಳುವುದು ಯಜಮಾನಿಕೆಯನ್ನು. ಮುಂದಿನ ಹಾಡು ಯಾವುದೆಂದು ನಾನೇ ಗೊತ್ತುಮಾಡಿದಾಗ ಅದರ ಒಂದು ಚೂರು ಮರಳಿ ಸಿಗುತ್ತದೆ.

ಇಷ್ಟನ್ನೂ ನಾನು ಓದಿ ತಿಳಿದೆ. ನಮ್ಮವ್ವ ಓದದೆ ತಿಳಿದಿದ್ದಳು.

ಆಕೆಗೆ 71 ಆದಾಗ ಬಲಗಡೆಯ ಮಂಡಿ ಬದಲಿಸಬೇಕಾಯಿತು. ಆಪರೇಷನ್ನಿಗಿಂತ ಆಮೇಲಿನದೇ ಕಷ್ಟ. ಹೊಸ ಕೀಲು ಬಿಗಿದುಕೊಳ್ಳದಂತೆ ದಿನವೂ ಮಡಚಿಸುತ್ತಾರೆ, 90 ಡಿಗ್ರಿ ತಲುಪಿಸಲೇಬೇಕು. ಫಿಸಿಯೋಥೆರಪಿಯ ಹುಡುಗ ಒಳ್ಳೆಯವನು. "ಒಂದು, ಎರಡು, ಮೂರು" ಎಂದು ಎಣಿಸುತ್ತ ಮಡಚಿಸುತ್ತಿದ್ದ. ಐದಕ್ಕೆ ಅವ್ವ ಹಲ್ಲು ಕಚ್ಚುತ್ತಿದ್ದಳು, ಎಂಟಕ್ಕೆ ಕಾಲು ಕಸಿದುಕೊಳ್ಳುತ್ತಿದ್ದಳು. ನಾನು ನನ್ನ ಅನುಭವದ ಗಂಟು ಬಿಚ್ಚಿ ಆಕೆಯ ಕಿವಿಗೆ ಮನಸೂರರನ್ನು ಹಾಕಿದೆ. ಸ್ವಲ್ಪ ಹೊತ್ತು ಕೇಳಿ ಇಯರ್‌ಫೋನ್ ತೆಗೆದಳು. "ಛಲೋ ಹಾಡ್ತಾರ. ಆದ್ರ ಅವರು ಹಾಡಿದ್ರ ನನ್ನ ಕಾಲು ಹೆಂಗ ಮಡಚ್ತೈತಿ?" ಎಂದಳು.

ಮರುದಿನ ಹುಡುಗ ಎಣಿಕೆ ಶುರುಮಾಡಿದಾಗ ಗದರಿದಳು: "ಏನೋ ತಮ್ಮಾ, ಒಂದು ಎರಡು ಅಂತಿ, ನಾ ಏನು ಸಂತ್ಯಾಗ ಮೆಣಸಿನಕಾಯಿ ತೂಗಾಕ ಬಂದೇನೇನು?" ಎಂದವಳೇ ಬೀಸುವ ಪದ ಎತ್ತಿಕೊಂಡಳು. ಸಣ್ಣವಳಿದ್ದಾಗ ತನ್ನ ಅತ್ತಿಗೆಯ ಎದುರು ಕೂತು ಜೋಳ ಬೀಸುತ್ತ ಕಲಿತದ್ದು. ಮೊದಲು ಕಲ್ಲಿಗೆ ಕೈಮುಗಿದು, ಆಮೇಲೆ ದೇವರ ನೆನೆದು, ಆಮೇಲೆ ತವರು, ಅಣ್ಣತಮ್ಮಂದಿರು. ತ್ರಿಪದಿಯ ಮೊದಲ ಸಾಲು ಏಳುವಾಗ ಹುಡುಗ ಮಡಚಿದ, ಮೂರನೆಯ ಸಾಲು ಇಳಿಯುವಾಗ ಬಿಟ್ಟ. ಎರಡು ಪದಕ್ಕೆ ಅವನಿಗೂ ಲೆಕ್ಕ ಸಿಕ್ಕಿತು. ಪಕ್ಕದ ಮಂಚದ ಸವದತ್ತಿಯ ಹೆಣ್ಣುಮಗಳೊಬ್ಬಳು ಮಲಗಿದಲ್ಲಿಂದಲೇ ಸಾಲಿನ ಕೊನೆಗೆ ದನಿಗೂಡಿಸಿದಳು. ಅವ್ವ ಅತ್ತದ್ದೂ ಹೌದು, ಅಳುತ್ತಲೇ ಹಾಡಿದಳು, ದನಿ ಒಡೆದರೂ ಸುತ್ತು ತಪ್ಪಲಿಲ್ಲ. ಸಾಲನ್ನು ಎಳೆಯಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕು, ಉಸಿರು ಉದ್ದವಾದರೆ ಬಿಗಿದ ಮೈ ಸಡಿಲಾಗುತ್ತದೆ. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಆ ವಾರ ಕಳೆಯುವುದರೊಳಗೆ ಹುಡುಗ ಬಂದ ಕೂಡಲೇ "ಅಮ್ಮಾ, ಕಲ್ಲು ಹೂಡ್ರಿ" ಎನ್ನುವಂತಾದ.

ಆಗ ಅನ್ನಿಸಿತು, ನೋವಿಗೆ ಹಾಡಿನ ಮದ್ದು ನಮ್ಮಲ್ಲಿ ಎಲ್ಲಿತ್ತೆಂದು ಹುಡುಕುವವರು ಶಾಸ್ತ್ರಗ್ರಂಥಗಳಲ್ಲಿ ಹುಡುಕುತ್ತಾರೆ. ಅದು ಬೀಸುಕಲ್ಲಿನ ಗೂಟದ ಮೇಲಿತ್ತು. ಬೆಳಗಿನ ಜಾವ ಎದ್ದು ಇಡೀ ಮನೆಗೆ ಹಿಟ್ಟು ಬೀಸುವ ಹೆಂಗಸರ ತೋಳು, ಬೆನ್ನು, ರಟ್ಟೆ ನೋಯದೆ ಇರುತ್ತಿದ್ದವೇ? ಅವರು ಕಟ್ಟಿದ ಹಾಡಿಗೆ ಕೇಳುಗರು ಬೇಕಿರಲಿಲ್ಲ. ಆ ಹಾಡು ಇದ್ದದ್ದು ತೋಳಿಗಾಗಿ. ನಾವು ಅದನ್ನು ಸಂಗ್ರಹಿಸಿ, ಅಚ್ಚು ಹಾಕಿ, ಜನಪದ ಸಾಹಿತ್ಯ ಎಂದು ಪಾಠ ಮಾಡುತ್ತೇವೆ. ನಾನೂ ಮಾಡುತ್ತೇನೆ. ಅದರ ಉಪಮೆಗಳ ಬಗ್ಗೆ ಪ್ರಶ್ನೆ ಕೇಳುತ್ತೇನೆ. ಅದು ಎಷ್ಟು ನೋವನ್ನು ಬೀಸಿ ಹಿಟ್ಟು ಮಾಡಿತು ಎಂಬುದಕ್ಕೆ ಅಂಕಗಳಿಲ್ಲ.

ಇಷ್ಟೆಲ್ಲ ಒಳ್ಳೆಯ ಮಾತು ಹೇಳಿದ ಮೇಲೆ ಇದರ ಬೆಲೆಯನ್ನೂ ಹೇಳಬೇಕು.

ಔಷಧ ಹಿಡಿದ ಮೇಲೆ ನನಗೆ ಒಂದು ಒಳ್ಳೆಯ ವರ್ಷ ಬಂತು. ಬಿಗಿತ ಬಹುಪಾಲು ಇಲ್ಲ, ಬೆರಳುಗಳ ಬಾವು ಇಳಿದಿತ್ತು. ಆ ವರ್ಷ ಒಂದು ಅಹೋರಾತ್ರಿ ಸಂಗೀತಕ್ಕೆ ಹೋಗಿದ್ದೆ. ನಡುರಾತ್ರಿಯ ರಾಗಗಳು ಮುಗಿದು, ಹೊರಗೆ ಚಹಾ ಕುಡಿದು ಬಂದು ಕೂತಾಗ ವೇದಿಕೆಯ ಮೇಲೆ ಲಲತ್ ಶುರುವಾಯಿತು. ಎರಡೂ ಮಧ್ಯಮಗಳು ಒಂದರ ಪಕ್ಕ ಒಂದು ಬರುವ ಆ ಜಾಗ, ಲಲತ್‌ನ ಜೀವ ಇರುವ ಜಾಗ. ಅದು ಬಂದದ್ದೇ ನನ್ನ ಬೆರಳುಗಳು ತಾವಾಗಿ ಒಳಕ್ಕೆ ಮಡಚಿಕೊಂಡವು. ನೋವಿರಲಿಲ್ಲ. ನೋವಿನ ನೆನಪಿತ್ತು. ಸುತ್ತ ಎಲ್ಲರೂ ವಾಹ್ ಎನ್ನುತ್ತಿದ್ದರು. ನನಗೆ ಕಂಡದ್ದು ನನ್ನ ಮಲಗುವ ಕೋಣೆಯ ಕತ್ತಲು, ಮುಲಾಮಿನ ವಾಸನೆ, ಗೆಣ್ಣಿನಿಂದ ಒತ್ತಿದ ಫೋನು. ಲಲತ್ ನನ್ನ ನೋವನ್ನು ಎಷ್ಟು ಬೆಳಗುಗಳಲ್ಲಿ ಹೊತ್ತಿತ್ತೆಂದರೆ ಈಗ ಅದನ್ನು ಇಳಿಸಿಬಿಡುವುದು ಅದಕ್ಕೂ ಸಾಧ್ಯವಿರಲಿಲ್ಲ. ಮನೆಯ ಬಾವಿಯ ಹಗ್ಗದ ಹಾಗೆ, ಎಳೆದಷ್ಟೂ ಸವೆಯುತ್ತದೆ. ಸಂಗೀತವನ್ನು ಬಳಸಬಹುದು, ಆದರೆ ಬಳಸಿದ್ದು ಬಳಸಿದಂತೆಯೇ ಉಳಿಯುವುದಿಲ್ಲ.

ಸಂಗೀತ ಚಿಕಿತ್ಸೆಯ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇದನ್ನು ಹೇಳಿದ್ದು ನಾನು ಕೇಳಿಲ್ಲ. ಮಾತ್ರೆಗೆ ಅಡ್ಡಪರಿಣಾಮ ಇದೆಯೇ ಎಂದು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಹಾಡಿಗೆ ಏನಾಯಿತೆಂದು ಯಾರು ಪರೀಕ್ಷೆ ಮಾಡುತ್ತಾರೆ? ಒಂದು ಮಾತು ಸ್ಪಷ್ಟವಾಗಿರಲಿ. ನನ್ನ ಕೀಲುಗಳನ್ನು ಇಷ್ಟು ವರ್ಷ ಉಳಿಸಿದ್ದು ಔಷಧ. ಉರಿಯೂತವನ್ನು ಇಳಿಸಿ ಮೂಳೆಯ ಸವೆತ ತಡೆಯುವುದು ಯಾವ ರಾಗದ ಕೆಲಸವೂ ಅಲ್ಲ. ರಾಗ ಮಾಡಿದ್ದು ಬೇರೆ: ಔಷಧ ಕೆಲಸ ಮಾಡುವವರೆಗೆ ನಾನು ನಾನಾಗಿಯೇ ಇರುವಂತೆ ನೋಡಿಕೊಂಡಿತು. ಅದಕ್ಕೆ ಅದು ಕೊಟ್ಟ ಬೆಲೆ ತನ್ನ ಚೆಲುವಿನ ಒಂದು ಪಾಲು. ಗೋಪಾಲದಾಸರು ಆಯುಷ್ಯ ಕೊಟ್ಟ ಕಥೆ ಈಗ ನನಗೆ ಹೀಗೂ ಅರ್ಥವಾಗುತ್ತದೆ. ಒಬ್ಬರ ನೋವು ಇಳಿಯಬೇಕಾದರೆ ಎಲ್ಲಿಯೋ ಯಾರದೋ ಲೆಕ್ಕದಿಂದ ಏನೋ ಕಳೆಯುತ್ತದೆ.

ಹಾಗಾಗಿ ಪೂರಿಯಾ ಧನಾಶ್ರೀಯನ್ನು ನಾನು ಬಳಸುವುದಿಲ್ಲ. ಅದು ಸಂಜೆಯ ರಾಗ, ಅಪ್ಪ ಕೆಲಸದಿಂದ ಬಂದು ಕಾಲು ತೊಳೆದು ರೇಡಿಯೋ ಹಚ್ಚುತ್ತಿದ್ದ ಹೊತ್ತಿನದು. ಮೈ ಹಗುರಾಗಿದ್ದ ಸಂಜೆಗಳಲ್ಲಿ ಮಾತ್ರ ಕೇಳುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಮಣಿಕಟ್ಟು ಇದ್ದಕ್ಕಿದ್ದಂತೆ ಬಾತುಕೊಂಡಿತು, ಬಹಳ ದಿನದ ಮೇಲೆ. ಹೊರಗೆ ಧಾರವಾಡದ ಬಿಟ್ಟೂಬಿಡದ ಜಿಟಿಜಿಟಿ. ಕೈ ತಾನಾಗಿ ಫೋನಿನ ಕಡೆ ಹೋಯಿತು, ಆ ಹೊತ್ತಿಗೆ ತಕ್ಕ ರಾಗ ಅದೊಂದೇ ಎಂದು ಬೆರಳಿಗೂ ಗೊತ್ತಿತ್ತು. ಪರದೆಯ ಮೇಲೆ ಹೆಸರು ಕಂಡಿತು. ನಾನು ಒತ್ತಲಿಲ್ಲ. ಎದ್ದು ಡಾಕ್ಟರು ಹೇಳಿಟ್ಟಿದ್ದ ಮಾತ್ರೆ ನುಂಗಿದೆ, ಬಿಸಿನೀರಿನ ಚೀಲ ಕಟ್ಟಿಕೊಂಡೆ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ತಾಳವಿಲ್ಲದ ಆ ಎರಡು ತಾಸು ಉದ್ದವಾಗಿಯೇ ಇತ್ತು. ಮೂರು ದಿನದ ನಂತರ ಬಾವು ಇಳಿಯಿತು. ಮಳೆ ಹೊಳವಾದ ಸಂಜೆ ಪೂರಿಯಾ ಧನಾಶ್ರೀ ಹಾಕಿದೆ. ಅದರೊಳಗೆ ಅಪ್ಪನ ರೇಡಿಯೋ ಇತ್ತು, ಒದ್ದೆ ಕಾಲಿನ ಗುರುತು ಇತ್ತು, ಬೇರೆ ಏನೂ ಇರಲಿಲ್ಲ.